ಏಳನೇ ನಂಬರಿನ ಬೀಗ

ಹನ್ನೊಂದು ತಿಂಗಳ ಸಂಬಳ ಕೊಡದೆ ನಮ್ಮ ಬೀಗದ ಕಾರ್ಖಾನೆಯನ್ನು ಮುಚ್ಚಿದರು. ನಾವು ಮುನ್ನೂರ ಹನ್ನೆರಡು ಜನ ಅಲ್ಲಿ ಕೆಲಸಕ್ಕಿದ್ದೆವು. ಗುರುವಾರ ಬೆಳಿಗ್ಗೆ ಬುತ್ತಿ ಹಿಡಿದು ಹೋದಾಗ ಗೇಟಿಗೆ ನೋಟೀಸು ಅಂಟಿಸಿತ್ತು.

ಮುಂದಿನದನ್ನು ಹೇಳುವ ಮೊದಲು ನಮ್ಮ ಊರಿನ ನಡೆ ಹೇಳಬೇಕು. ನಮ್ಮಲ್ಲಿ ಯಾವುದೇ ವಸ್ತು, ಅದನ್ನು ಮಾಡಿದವರು ಅದರ ಮೇಲೆ ಹೆಬ್ಬೆರಳಿಟ್ಟು "ಸಂದಾಯ್ತು" ಅನ್ನುವವರೆಗೆ ಕೆಲಸಕ್ಕೆ ಬರುವುದಿಲ್ಲ. ನನ್ನ ಕೂಲಿ ನನಗೆ ಮುಟ್ಟಿತು, ಇನ್ನು ಇದು ನಿಮ್ಮದು ಎಂದು ಅದರ ಅರ್ಥ. ಕೂಲಿ ಕೊಡದೆ ಎತ್ತಿಕೊಂಡು ಬಂದ ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ. ದರ್ಜಿಗೆ ಬಾಕಿ ಇಟ್ಟ ಅಂಗಿಯ ಗುಂಡಿ ಕಾಜಾದೊಳಗೆ ಹೋಗುವುದಿಲ್ಲ. ಕ್ಷೌರಿಕನ ಕಣ್ಣು ತಪ್ಪಿಸಿ ಎದ್ದು ಬಂದವನ ಗಡ್ಡ ಅವನು ಮನೆ ಸೇರುವಷ್ಟರಲ್ಲಿ ಮೊದಲಿಗಿಂತ ಒಂದು ಬೆರಳು ಉದ್ದ ಬೆಳೆದಿರುತ್ತದೆ; ಅಂಥವನು ಬೀದಿಯಲ್ಲಿ ಕಂಡರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಮದುವೆ ಮನೆಯಲ್ಲಿ ಅಡಿಗೆಯವರನ್ನು ಒಲೆಯ ಮುಂದೆ ನಿಲ್ಲಿಸಿ, ಕೂಲಿ ಕೊಟ್ಟು, ಹಂಡೆಯ ಮೇಲೆ ಹೆಬ್ಬೆರಳಿಡಿಸಿ ಆಮೇಲೆ ಎಲೆ ಹಾಕುತ್ತಾರೆ. ಇಲ್ಲದಿದ್ದರೆ ಐನೂರು ಜನ ಹೊಟ್ಟೆ ಬಿರಿಯ ಉಂಡು, ಹಸಿದುಕೊಂಡೇ ಎದ್ದು ಹೋಗುತ್ತಾರೆ.

ಆದರೆ ಆ ಮಾತಿಗೆ ಒಂದು ದೋಷವಿದೆ. ಹೇಳುವ ಬಾಯಿ ಮಾಡಿದವರದಾದರೆ ಅದಕ್ಕೆ ಸಾಕು. ಕೈಯಲ್ಲಿ ದುಡ್ಡಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ನಂಬಿ ಹೇಳಿದರೂ ನಡೆಯುತ್ತದೆ, ಹೆದರಿ ಹೇಳಿದರೂ ನಡೆಯುತ್ತದೆ. ನಮ್ಮ ಊರಿನಲ್ಲಿ ಸಾಲ ಕೊಡುವುದೆಂದರೆ ಇಷ್ಟೇ: ಖಾಲಿ ಕೈಯಲ್ಲಿ ನಿಂತವನ ಮುಖ ನೋಡಿ "ಸಂದಾಯ್ತು, ಹೋಗು" ಅನ್ನುವುದು.

ಕಾರ್ಖಾನೆಯಲ್ಲಿ ಒಂದೊಂದು ಬೀಗವನ್ನೂ ಒಬ್ಬೊಬ್ಬರೇ ಮೊದಲಿಂದ ಕೊನೆಯವರೆಗೆ ಕೂರಿಸುತ್ತಿದ್ದೆವು. ಬೀಗದ ಬೆನ್ನಿಗೆ ಕೂರಿಸಿದವರ ನಂಬರು ಕೊರೆಯುತ್ತಿದ್ದೆವು. ನನ್ನದು ನೂರಾ ನಲವತ್ತೇಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸೈಕಲ್ ಶೆಡ್ಡಿನಲ್ಲಿ ನಮ್ಮದೊಂದು ಓದುವ ಕೂಟ ಇತ್ತು. ಪೇಪರು, ಕಾನೂನಿನ ಕಿರುಹೊತ್ತಿಗೆ, ಕಥೆ, ಕೈಗೆ ಸಿಕ್ಕಿದ್ದನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಉಣ್ಣುತ್ತ ಕೇಳುತ್ತಿದ್ದರು. ಆ ಕೂಟದಲ್ಲಿ ಹದಿನಾಲ್ಕು ವರ್ಷ ಗಟ್ಟಿಯಾಗಿ ಓದಿದವಳು ನಾನು. ಹಾಗಾಗಿ ಕಾಗದ ಪತ್ರದ ಕೆಲಸ ಬಂದರೆ ಎಲ್ಲರೂ "ಗಂಗಕ್ಕ ಇದಾಳಲ್ಲ" ಅನ್ನುತ್ತಿದ್ದರು.

ಏಳನೇ ನಂಬರು ಜೈತುನ್‌ಬಿಯದು. ನಾವೆಲ್ಲ ಬೂಬಮ್ಮ ಅನ್ನುತ್ತಿದ್ದೆವು. ಮೂವತ್ತಾರು ವರ್ಷದ ಸರ್ವೀಸು. ಅರದಿಂದ ಕೀಲಿಕೈ ಉಜ್ಜಿ ಉಜ್ಜಿ ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ ಬರೀ ಒಂದು ಮಸಿಯ ಬೊಟ್ಟು ಮೂಡುತ್ತಿತ್ತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಆದರೆ ಆ ಬಾಯಿಗೆ ಇಡೀ ಕಾರ್ಖಾನೆಯೇ ಹೆದರುತ್ತಿತ್ತು.

ಮೊದಲು ಸಂಬಳದ ದಿನ ಸಂಜೆ ಐದಕ್ಕೆ ಕಿಟಕಿಯಲ್ಲಿ ಕವರು ತೆಗೆದುಕೊಂಡು, ಎಣಿಸಿ, ಆಮೇಲೆ ಆ ತಿಂಗಳ ನಮ್ಮ ನಮ್ಮ ಬೀಗಗಳನ್ನು ಜೋಡಿಸಿಟ್ಟ ಹಲಗೆಯ ಮೇಲೆ ಹೆಬ್ಬೆರಳಿಟ್ಟು ಹೇಳುತ್ತಿದ್ದೆವು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಸಂಬಳದ ದಿನ ಬೆಳಿಗ್ಗೆ ದೊಡ್ಡ ಯಜಮಾನರು ಬೂಬಮ್ಮನ ಮೇಜಿನ ಮುಂದೆ ಬಂದು ನಿಂತರು. ಹೊಸ ವ್ಯಾಪಾರಿ, ಮಾಲು ಮುಟ್ಟಿದ ಮೇಲೇ ಹಣ ಕೊಡುವವನು. ಲಾರಿ ಹೊರಗೆ ನಿಂತಿದೆ. "ಸಂಜೆ ಕವರು ನಿಮ್ಮ ಕೈಲಿರುತ್ತೆ ಬೂಬಮ್ಮ. ಇದೊಂದು ಸಲ ಬೆಳಿಗ್ಗೆನೇ ಹೇಳಿಬಿಡಿ" ಎಂದು ಕೈ ಮುಗಿದರು. ಬೂಬಮ್ಮ ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ಕೆಲಸ ಕೊಟ್ಟೋರು ಕೈ ಮುಗೀಬಾರ್ದು" ಎಂದು ಹಲಗೆಯ ಮೇಲೆ ಹೆಬ್ಬೆರಳಿಟ್ಟಳು. ಅವಳು ಹೇಳಿದ ಮೇಲೆ ನಾವೆಲ್ಲ ಹೇಳಿದೆವು. ಸಂಜೆ ಐದಕ್ಕೆ ಸರಿಯಾಗಿ ಕವರು ಬಂತು. ಆವತ್ತಿನಿಂದ ಬೆಳಿಗ್ಗೆ ಮಾತು, ಸಂಜೆ ಹಣ ಎಂಬುದೇ ಪದ್ಧತಿಯಾಯಿತು. ಯಾರು ಹೇಳಿದರು, ಯಾರು ಹೇಳಲಿಲ್ಲ ಎಂದು ತಿಳಿಯಲು ಗುಮಾಸ್ತ ಒಂದು ದಪ್ಪ ಪುಸ್ತಕ ಇಟ್ಟ. ನಾವದನ್ನು ಬಾಯ್ಮಾತಿನ ಪುಸ್ತಕ ಅನ್ನುತ್ತಿದ್ದೆವು. ಹೆಸರು, ನಂಬರು, ತಿಂಗಳು, ಪಕ್ಕದಲ್ಲಿ "ಸಂದಾಯ್ತು", ಅದರ ಪಕ್ಕ ನಮ್ಮ ಹೆಬ್ಬೆಟ್ಟು.

ದೊಡ್ಡ ಯಜಮಾನರು ಬದುಕಿರುವವರೆಗೆ ಒಂದು ಸಂಜೆಯೂ ತಪ್ಪಲಿಲ್ಲ. ಅವರು ಹೋದರು, ಮಗ ಬಂದ. ಮೊದಲ ತಿಂಗಳೇ ಸಂಬಳದ ಸಂಜೆ ಕಿಟಕಿ ತೆರೆಯಲಿಲ್ಲ. ಬ್ಯಾಂಕಿನಲ್ಲಿ ಏನೋ ತೊಂದರೆ ಅಂದ. ಎರಡನೇ ತಿಂಗಳು ಬೆಳಿಗ್ಗೆ ನಾವು ಹಲಗೆಯ ಮುಂದೆ ಸುಮ್ಮನೆ ನಿಂತೆವು. ಅವನು ತಂದೆಯ ಹಾಗೆ ಕೈ ಮುಗಿಯಲಿಲ್ಲ. ಲೆಕ್ಕದ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದ: "ನೀವು ಹೇಳದಿದ್ರೆ ಬೀಗ ತೆರೆಯಲ್ಲ. ತೆರೆಯದ ಬೀಗ ಲಾರಿ ಹತ್ತಲ್ಲ. ಲಾರಿ ಹೋಗದಿದ್ರೆ ದುಡ್ಡು ಬರಲ್ಲ. ದುಡ್ಡು ಬರದಿದ್ರೆ ಕಷ್ಟ ಯಾರಿಗೆ? ನಿಮಗೇ ತಾನೆ?" ಹೋದ ತಿಂಗಳಿನ ಸಂಬಳ ಬರಬೇಕಾದರೆ ಈ ತಿಂಗಳಿನದನ್ನೂ ನಂಬಬೇಕು. ಹಾಗೆ ನಂಬುತ್ತ ನಂಬುತ್ತ ಹತ್ತು ತಿಂಗಳು ಹೇಳಿದೆವು. ಆ ಹತ್ತು ತಿಂಗಳಲ್ಲೇ ಅವನೊಂದು ಹೊಸ ಕಾರು ಕೊಂಡ. ಕಾರು ಚೆನ್ನಾಗಿಯೇ ಓಡಿತು. ಅದನ್ನು ಮಾಡಿದವರ ಕೂಲಿ ಅವರಿಗೆ ಮುಟ್ಟಿತ್ತು, ನಮ್ಮದರಿಂದ.

ಹನ್ನೊಂದನೇ ತಿಂಗಳ ಕೊನೆಗೆ ಲಾರಿಯೇ ಬರಲಿಲ್ಲ. ಅದಕ್ಕೆ ಎರಡು ದಿನ ಮೊದಲು ಅವನು ಊರು ಬಿಟ್ಟಿದ್ದ. ಆ ತಿಂಗಳ ಬೀಗಗಳ ಮೇಲೆ ಯಾರ ಮಾತೂ ಬೀಳಲಿಲ್ಲ. ಹಲಗೆಗಳಲ್ಲಿ ಹಾಗೆಯೇ ಉಳಿದವು.

ನೋಟೀಸಿನ ಹಿಂದೆಯೇ ಅಧಿಕಾರಿ ಬಂದರು. ಕಂಪನಿಯನ್ನು ಮುಗಿಸಿ, ಇದ್ದಬದ್ದುದನ್ನು ಮಾರಿ, ಬಾಕಿದಾರರಿಗೆ ಹಂಚಲು ಕೋರ್ಟು ಕಳಿಸಿದವರು. ಸಮಾಪನಾಧಿಕಾರಿ ಎಂದು ಅವರ ಹೆಸರಿನ ಕೆಳಗಿತ್ತು. ಅದು ನಮ್ಮ ನಾಲಗೆಗೆ ಹತ್ತಲಿಲ್ಲ, ಮುಗಿಸೋ ಸಾಹೇಬ್ರು ಅಂದೆವು. ಬೇರೆ ಊರಿನವರು. ಅವರ ಊರಿನಲ್ಲಿ ಬೀಗಕ್ಕೆ ಕೀಲಿ ಇದ್ದರೆ ಸಾಕಂತೆ. ಕೂಲಿ ಕೊಡದ ಬಟ್ಟೆಯನ್ನೂ ಮೈ ತುಂಬ ಹಾಕಿಕೊಂಡು ಜನ ಓಡಾಡುತ್ತಾರಂತೆ. ಮೆತ್ತಗಿನ ದನಿಯ ಮನುಷ್ಯ, ಎಲ್ಲರನ್ನೂ "ಅಮ್ಮ", "ಅಪ್ಪ" ಅನ್ನುತ್ತಿದ್ದರು. ಗೇಟಿನ ಹಳೇ ಬೀಗದ ಕೀಲಿ ಯಜಮಾನನ ಜೊತೆ ಹೋಗಿದ್ದರಿಂದ ಅದನ್ನು ಒಡೆಸಿ, ಆಫೀಸಿನ ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಹೊಸ ಬೀಗವೊಂದನ್ನು ತಂದು ತಾವೇ ಗೇಟಿಗೆ ಹಾಕಿದರು. ಬಟ್ಟೆ ಸುತ್ತಿ, ಅರಗು ಕಾಯಿಸಿ, ಕೋರ್ಟಿನ ಮೊಹರು ಒತ್ತಿದರು.

ಅದು ಹನ್ನೊಂದನೇ ತಿಂಗಳಿನ ಬೀಗ. ಬಟ್ಟೆ ಸುತ್ತುವ ಮೊದಲು ಅದರ ಬೆನ್ನಿನ ಮೇಲಿನ ಏಳು ನಮ್ಮೆಲ್ಲರಿಗೂ ಕಂಡಿತು. ನಮ್ಮ ಬೀಗ ಮಾತಿಲ್ಲದೆಯೂ ಬೀಳುತ್ತದೆ. ಬೀಳುವುದು ಸ್ಪ್ರಿಂಗಿನ ಕೆಲಸ. ತೆರೆಯುವುದು ಕೂಲಿಯ ಕೆಲಸ. ಹೇಳೋಣ ಎಂದು ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ತಿಪ್ಪೇಶಿ ನನ್ನ ಕಾಲು ತುಳಿದ. ತಿಪ್ಪೇಶಿ ತನ್ನ ಬೀಗಗಳಿಗೆ ಪಾಲಿಶ್ ಹಚ್ಚುವುದರಲ್ಲಿ ಹೆಸರಾದವನು, ಮೈಯೆಲ್ಲ ಕುಹಕ.

"ಸಾಹೇಬ್ರು ಓದಿದೋರು," ಅಂದ ಕಿವಿಯಲ್ಲಿ. "ಓದಿದೋರಿಗೆ ನಾವು ಹೇಳ್ಕೊಡೋದಾ?"

ನಮ್ಮ ಬಾಕಿಗೆ ಅರ್ಜಿ ಕೊಡಲು ಇಪ್ಪತ್ತೊಂದು ದಿನ ಗಡುವು. ಅರ್ಜಿಯ ಜೊತೆ ಪುರಾವೆ ಬೇಕು. ನಾನು ಹೋಗಿ ಬೆಳಿಗ್ಗೆ ಹೇಳಿ ಸಂಜೆ ತೆಗೆದುಕೊಳ್ಳುವ ನಮ್ಮ ಪದ್ಧತಿಯನ್ನು ವಿವರಿಸಿದೆ. ಸಾಹೇಬರು ಸಮಾಧಾನವಾಗಿ ಕೇಳಿದರು.

"ನೋಡಿ ಅಮ್ಮ, ಅದೆಲ್ಲ ನಿಮ್ಮ ಊರಿನ ರೂಢಿ. ಕಾನೂನಲ್ಲ. ಬಾಯಿ ಮಾತನ್ನ ನಾನು ಲೆಕ್ಕಕ್ಕೆ ತಗೊಳ್ಳೋಕೆ ಬರಲ್ಲ. ನೇಮಕಾತಿ ಪತ್ರ ಕೊಡಿ, ಸಂಬಳದ ಚೀಟಿ ಕೊಡಿ."

ಮುನ್ನೂರ ಹನ್ನೆರಡು ಜನರಲ್ಲಿ ಒಬ್ಬರಿಗೂ ನೇಮಕಾತಿ ಪತ್ರ ಇರಲಿಲ್ಲ. ದೊಡ್ಡ ಯಜಮಾನರು "ನಾಳೆಯಿಂದ ಬಾ" ಅಂದಿದ್ದರು, ಬಂದಿದ್ದೆವು. ಸೈಕಲ್ ಶೆಡ್ಡು ಗೇಟಿನ ಹೊರಗಿತ್ತು, ಅದಕ್ಕೆ ಬೀಗ ಬಿದ್ದಿರಲಿಲ್ಲ. ಅಲ್ಲೇ ಸೇರಿದೆವು. ನಾವು ಅಲ್ಲಿ ದುಡಿದೆವು ಎಂದು ಹೇಳುವ ಕಾಗದ ಇಡೀ ಕಾರ್ಖಾನೆಯಲ್ಲಿ ಒಂದೇ: ಬಾಯ್ಮಾತಿನ ಪುಸ್ತಕ. ಕಾರ್ಖಾನೆಯ ಗುಮಾಸ್ತ ಅದನ್ನು ಮನೆಗೆ ಒಯ್ದಿದ್ದ; ಕೇಳಿದ ಕೂಡಲೇ ನಮಗೆ ತಂದುಕೊಟ್ಟ.

"ಅದನ್ನ ಮಾತ್ರ ಕೊಡ್ಬೇಡ ಗಂಗಕ್ಕ," ಅಂದ ತಿಪ್ಪೇಶಿ. "ಅದ್ರಲ್ಲಿ ನಾವೇ ನಮ್ಮ ಬಾಯಾರೆ ಬಂತು ಬಂತು ಅಂದಿರೋದು."

"ಕೊಡದಿದ್ರೆ ನೀನು ಅಲ್ಲಿದ್ದೆ ಅನ್ನೋದಕ್ಕೆ ಏನೋ ಸಾಕ್ಷಿ? ನಿನ್ನ ಮೂತಿನಾ?" ಅಂದೆ.

"ನನ್ನ ಕೈ ನೋಡ್ಲಿ. ಪಾಲಿಶ್ ಇನ್ನೂ ಹೋಗಿಲ್ಲ."

ಎಲ್ಲರೂ ಬೂಬಮ್ಮನ ಕಡೆ ನೋಡಿದೆವು. ಅವಳು ಗಂಜಿಗೆ ಅದ್ದಿದ ರೊಟ್ಟಿಯ ಚೂರನ್ನು ಒಸಡಿನಲ್ಲಿ ನುರಿಸುತ್ತಿದ್ದಳು. "ಕೊಡೇ ಗಂಗೂ," ಅಂದಳು. "ಹೇಳಿದ್ದು ನಿಜ. ದುಡ್ಡು ಬಂದಿಲ್ಲ ಅನ್ನೋದೂ ನಿಜ. ಎರಡೂ ಬರಿ. ಓದಿದ ಮನುಷ್ಯ, ಎರಡೂ ಓದ್ತಾನೆ."

ಬರೆದೆ. ಮುನ್ನೂರ ಹನ್ನೆರಡು ಅರ್ಜಿ, ಹದಿನಾರು ದಿನ. ಪುರಾವೆಯ ಕಾಲಮ್ಮಿನಲ್ಲಿ "ಬಾಯ್ಮಾತಿನ ಪುಸ್ತಕ, ಪುಟ ಇಂತಿಷ್ಟು" ಎಂದು ಬರೆದು, ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ "ನಂಬಿ ಹೇಳಿದ್ದು, ಹಣ ಬಂದಿಲ್ಲ" ಎಂದು ಸೇರಿಸಿದೆ. ಮುನ್ನೂರ ಹನ್ನೆರಡು ಸಲ ಅದನ್ನೇ ಬರೆದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹಲ್ಲು ಕಟ್ಟುವ ಸೂರಪ್ಪ ಶೆಡ್ಡಿಗೆ ಬಂದ. ಕಾರ್ಖಾನೆ ಸರಿಯಿದ್ದಾಗ ಬೂಬಮ್ಮ ಅವನಿಗೆ ಅರ್ಧ ದುಡ್ಡು ಕೊಟ್ಟು ಹಲ್ಲಿನ ಸೆಟ್ಟು ಮಾಡಿಸಿದ್ದಳು. ಉಳಿದರ್ಧ ಬರುವ ತಿಂಗಳು ಅಂದಿದ್ದಳು. ಆ ಬರುವ ತಿಂಗಳು ಬರಲೇ ಇಲ್ಲ. ಸೆಟ್ಟು ಅವಳ ಹತ್ತಿರವೇ ಇತ್ತು, ಹಳೇ ಎಲೆಅಡಿಕೆ ಡಬ್ಬಿಯಲ್ಲಿ. ಹಾಕಿಕೊಂಡರೆ ಬಾಯಲ್ಲಿ ಕೂರುತ್ತಿತ್ತು, ನಗಲು ಬರುತ್ತಿತ್ತು. ಅಗಿಯಲು ಮಾತ್ರ ಬರುತ್ತಿರಲಿಲ್ಲ. ಕಡಲೆಬೀಜ ಇರಲಿ, ಅನ್ನದ ಅಗುಳು ಕೂಡ ಅದರ ನಡುವೆ ಸಿಕ್ಕಿ ಇಡಿಯಾಗಿಯೇ ಹೊರಗೆ ಬರುತ್ತಿತ್ತು. ಹೋದ ವರ್ಷಕ್ಕಿಂತ ಅವಳು ಅರ್ಧ ಆಗಿದ್ದಳು. ರವಿಕೆಯ ತೋಳು ಜೋತಾಡುತ್ತಿತ್ತು.

"ತೆಗೀ ಬೂಬಮ್ಮ ಡಬ್ಬೀನ," ಅಂದ ಸೂರಪ್ಪ. "ಹೇಳಿಬಿಡ್ತೀನಿ. ದುಡ್ಡು ಬಂದಾಗ ಕೊಡು."

ಬೂಬಮ್ಮ ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡಳು. "ಬ್ಯಾಡ."

"ಯಾಕೆ, ನಿನ್ನ ನಂಬಲ್ಲ ಅಂದ್ಕೊಂಡ್ಯಾ?"

"ನಂಬ್ತೀಯ, ಅದಕ್ಕೇ ಬ್ಯಾಡ. ನಾನೊಬ್ಳು ಹಿಂಗೇ ಒಬ್ಬರ ಮಖ ನೋಡಿ ಹೇಳ್ದೆ. ನನ್ ಹಿಂದೆ ಇವರೆಲ್ಲ ಹೇಳಿದ್ರು. ಈಗ ನೋಡು, ಎಲ್ಲಾ ಶೆಡ್ಡಲ್ಲಿ ಕೂತವ್ರೆ. ಇನ್ನೊಬ್ಬರ ಬಾಯಿ ನನ್ನಿಂದ ಕೆಡೋದು ಬ್ಯಾಡ. ಹೋಗು, ನಾನು ದುಡ್ಡು ತಂದ ದಿನ ಹೇಳೀಯಂತೆ."

ಸೂರಪ್ಪ ಹೋದ. ಬೂಬಮ್ಮ ಮತ್ತೆ ರೊಟ್ಟಿಯನ್ನು ಗಂಜಿಗೆ ಅದ್ದಿದಳು. ಅವಳು ಇಷ್ಟು ದಿನ ಏನು ಹೊತ್ತುಕೊಂಡು ಕೂತಿದ್ದಳು ಎಂದು ನನಗೆ ಅವತ್ತು ಗೊತ್ತಾಯಿತು. ಬೆಳಿಗ್ಗೆಯ ಮಾತನ್ನು ಮೊದಲು ಆಡಿದವಳು ತಾನೇ ಎಂಬುದನ್ನು ನಾವೆಲ್ಲ ಮರೆತಿದ್ದೆವು, ಅವಳು ಮರೆತಿರಲಿಲ್ಲ.

ಅರ್ಜಿಗಳ ತೀರ್ಮಾನ ಓದಲು ಸಾಹೇಬರು ಛತ್ರದಲ್ಲಿ ಸಭೆ ಕರೆದರು. ಎದುರಿನ ಮೇಜಿನ ಮೇಲೆ ನಮ್ಮ ಪುಸ್ತಕ. ಮೊದಲ ಹತ್ತು ತಿಂಗಳಿನ ಬಾಕಿ ತಿರಸ್ಕೃತ ಎಂದು ಓದಿದರು. ಕಾರಣ, ಅರ್ಜಿದಾರರು ಸ್ವತಃ ಹಾಜರುಪಡಿಸಿದ ಪುಸ್ತಕದಲ್ಲಿ, ಸ್ವತಃ ಹೆಬ್ಬೆಟ್ಟು ಒತ್ತಿ, ಸಂದಾಯವಾಗಿದೆ ಎಂದು ಒಪ್ಪಿಕೊಂಡಿದ್ದಾರೆ.

ನಾನು ಎದ್ದು ನಿಂತೆ. "ಸ್ವಾಮಿ, ಬಾಯಿ ಮಾತು ಊರಿನ ರೂಢಿ, ಲೆಕ್ಕಕ್ಕಿಲ್ಲ ಅಂದಿದ್ರಿ."

"ಹೌದಮ್ಮ."

"ಈಗ ಅದೇ ರೂಢಿ ರಸೀತಿ ಆಯ್ತಾ?"

"ರೂಢಿ ರಸೀತಿ ಆಗಲ್ಲ. ಆದರೆ ನೀವು ಅದನ್ನ ಬರೆದು ಕೊಟ್ಟಿದ್ದೀರಿ. ಬರೆದು ಕೊಟ್ಟದ್ದು ದಾಖಲೆ."

"ಅಂಚಿನಲ್ಲೂ ಬರೆದು ಕೊಟ್ಟಿದೀನಿ. ಹಣ ಬಂದಿಲ್ಲ ಅಂತ."

"ಕಾಲಮ್ಮಿನ ಹೊರಗೆ ಬರೆದದ್ದನ್ನ ಪರಿಗಣಿಸೋ ಹಾಗಿಲ್ಲ ಅಮ್ಮ." ಅವರ ದನಿ ಆಗಲೂ ಮೆತ್ತಗೇ ಇತ್ತು. ಆ ಮೆತ್ತನೆಯ ದನಿಯನ್ನು ನಾನು ಈಗಲೂ ಕ್ಷಮಿಸಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುನ್ನೂರು ಮನೆಯ ಅನ್ನವನ್ನು ಕಾಲಮ್ಮಿನ ಗೆರೆಯಿಂದ ಆಚೆ ತಳ್ಳಿ, ನೀರು ಬೇಕಾ ಅಮ್ಮ ಎಂದು ಲೋಟ ಮುಂದೆ ಸರಿಸಿದರು.

ಹನ್ನೊಂದನೇ ತಿಂಗಳಿನದು ಮಾತ್ರ ಒಪ್ಪಿಗೆ. ಆದರೆ ಹಂಚುವುದಕ್ಕೆ ಸಾಲು ಇದೆ ಅಂದರು. ಮೊದಲು ಮುಚ್ಚುವ ಕೆಲಸದ ವೆಚ್ಚ, ಅಂದರೆ ಅವರ ಸಂಬಳ, ಅವರ ಗುಮಾಸ್ತನ ಸಂಬಳ, ಜೀಪಿನ ಡೀಸೆಲ್ಲು. ಆಮೇಲೆ ಬ್ಯಾಂಕು. ಆಮೇಲೆ ತೆರಿಗೆ. ಮಿಕ್ಕರೆ ನಾವು.

"ಮಿಕ್ಕರೆ?" ಬೂಬಮ್ಮ ಕೂತಲ್ಲಿಂದಲೇ ಕೇಳಿದಳು. "ಅದು ಮದುವೆ ಮನೆ ಹಿಂದೆ ನಿಂತೋರಿಗೆ ಹೇಳೋ ಮಾತಲ್ವಾ ಸಾಹೇಬ್ರೇ? ನಾವು ಅಡಿಗೆ ಮಾಡಿದೋರು."

ಛತ್ರದಲ್ಲಿ ಯಾರೂ ನಗಲಿಲ್ಲ. ತಿಪ್ಪೇಶಿ ಕೂಡ ನಗಲಿಲ್ಲ. ಅವನು ನನ್ನ ಕಡೆ ತಿರುಗಿ, "ಪುಸ್ತಕ ಕೊಟ್ಟಿದ್ದು ಒಳ್ಳೇದಾಯ್ತು ಗಂಗಕ್ಕ. ಈಗ ನಾವು ಅಲ್ಲಿದ್ವಿ ಅನ್ನೋದು ಗ್ಯಾರಂಟಿ ಆಯ್ತು" ಅಂದ. ಆ ಮಾತು ಇವತ್ತಿಗೂ ನನ್ನ ಮೈಯಲ್ಲಿ ಮುಳ್ಳಿನ ಹಾಗೆ ಇದೆ. ತಪ್ಪು ನನ್ನದೂ ಇತ್ತು. ಆದರೆ ನಿಜ ಹೇಳಿದ್ದನ್ನು ತಪ್ಪು ಮಾಡುವ ಮೇಜು ಯಾರದು ಎಂದು ಯಾರೂ ಕೇಳಲಿಲ್ಲವಲ್ಲ!

ಹರಾಜು ಮುಗಿದ ಹದಿನೈದನೇ ದಿನ ಕೊಂಡವನ ಲಾರಿಗಳು ಬಂದು ಗೇಟಿನ ಮುಂದೆ ನಿಂತವು, ಮೂರು. ಯಂತ್ರ, ಹಿತ್ತಾಳೆ, ಹಲಗೆಯಲ್ಲಿದ್ದ ಆ ಕೊನೆಯ ತಿಂಗಳ ಬೀಗ, ಎಲ್ಲ ಸೇರಿಸಿ ಒಟ್ಟಿಗೆ ಕೊಂಡಿದ್ದ. ಬೆಳಿಗ್ಗೆ ಹತ್ತು ಗಂಟೆ. ಊರೇ ನೆರೆದಿತ್ತು. ಸಾಹೇಬರು ಮೊಹರನ್ನು ಎಲ್ಲರಿಗೂ ತೋರಿಸಿ, ಅರಗು ಬಿಡಿಸಿ, ಬಟ್ಟೆ ಸುರುಳಿ ತೆಗೆದು, ಕೀಲಿ ಹಾಕಿ ತಿರುಗಿಸಿದರು. ಕೀಲಿ ತಿರುಗಿತು. ಬೀಗ ತೆರೆಯಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಅವರ ಗುಮಾಸ್ತ ಎಣ್ಣೆ ಬಿಟ್ಟ. ಡ್ರೈವರು ಇಳಿದು ಬಂದು ಕಲ್ಲಿನಿಂದ ಕುಟ್ಟಿದ. ಮೂವತ್ತಾರು ವರ್ಷ ಬೀಗ ಕೂರಿಸಿದವಳು ಕೂರಿಸಿದ ಬೀಗ, ಕಲ್ಲು ಒಡೆಯಿತು.

ಕೊಂಡವನು ನಮ್ಮ ಕಡೆಯವನೇ. ಒಂದು ಹೆಜ್ಜೆ ಮುಂದೆ ಬಂದು ಬೀಗವನ್ನು ತಿರುವಿ ನೋಡಿ ನಿಟ್ಟುಸಿರು ಬಿಟ್ಟ. "ಇದರ ಮೇಲೆ ಮಾತು ಬಿದ್ದಿಲ್ಲ ಸಾರ್. ಒಳಗಿರೋವೂ ಹಿಂಗೇನಾ? ಹಂಗಾದ್ರೆ ನಂಗೆ ಬ್ಯಾಡ. ನನ್ನ ಮುಂಗಡ ವಾಪಸ್ ಕೊಡಿ."

ಸಾಹೇಬರು ನನ್ನನ್ನು ನೋಡಿದರು. ಮೊದಲ ಸಲ ಅವರ ಹಣೆಯಲ್ಲಿ ಬೆವರು ಕಂಡಿತು. "ಇದೇನಮ್ಮ?"

ನಾನು ಉತ್ತರ ಕೊಡುವ ಮೊದಲೇ ತಿಪ್ಪೇಶಿ ಹೇಳಿದ: "ಏನಿಲ್ಲ ಸಾರ್. ಅದು ನಮ್ಮ ಊರಿನ ರೂಢಿ. ಕಾನೂನಲ್ಲ. ನೀವು ಕಾನೂನು ಪ್ರಕಾರ ತೆಗೀರಿ."

ಈ ಸಲ ಜನ ನಕ್ಕರು. ಅಷ್ಟು ದಿನದಲ್ಲಿ ಮೊದಲ ನಗು. ಗೇಟನ್ನೇ ಕತ್ತರಿಸಿಬಿಡಿ ಎಂದು ಗುಮಾಸ್ತ ಅಂದ. ಕತ್ತರಿಸಿದರೂ ಒಳಗಿನ ಮಾಲಿನ ಬಾಯಿ ಕತ್ತರಿಸಲು ಆಗುವುದಿಲ್ಲವಲ್ಲ ಎಂದು ಕೊಂಡವನು ಅಂದ. "ಒಂದು ಕೆಲ್ಸ ಮಾಡಿ. ಇದನ್ನ ಮಾಡಿದೋರು ಹೇಳ್ಲಿ. ಮೊದಲನೇದು ತೆರೆದ್ರೆ ಉಳಿದೋರೂ ಹೇಳ್ತಾರೆ ಅಂತ ನಂಬ್ತೀನಿ. ಸಂಜೆ ಐದರವರೆಗೆ ಕಾಯ್ತೀನಿ."

ಸಂಜೆ ಐದು ಅಂದಾಗ ಬೂಬಮ್ಮ ತಲೆ ಎತ್ತಿದ್ದನ್ನು ನಾನು ನೋಡಿದೆ.

ಏಳನೇ ನಂಬರು ಯಾರದೆಂದು ಪುಸ್ತಕ ನೋಡಿ ಸಾಹೇಬರೇ ಕಂಡುಕೊಂಡರು. ಲೆಕ್ಕಕ್ಕಿಲ್ಲದ ಪುಸ್ತಕ ಅವರ ಕಂಕುಳಲ್ಲೇ ಇತ್ತು. ಅವಳನ್ನು ಗೇಟಿನ ಹತ್ತಿರ ಕರೆದರು. ಕುರ್ಚಿ ತರಿಸಿದರು. ಅವಳು ಕೂರಲಿಲ್ಲ.

"ನೋಡಿ ಬೂಬಮ್ಮ, ನೀವು ಹಿರಿಯರು. ಇಲ್ಲಿ ನಿಮ್ಮ ಮಾತು ನಡೆಯುತ್ತೆ ಅಂತ ಕೇಳಿದ್ದೀನಿ. ಮಾಲು ಹೋದರೆ ತಾನೆ ಹಣ ಬರೋದು? ಹಣ ಬಂದರೆ ತಾನೆ ನಿಮಗೆಲ್ಲ ಏನಾದ್ರೂ ಸಿಗೋದು? ನೀವು ಹೇಳದಿದ್ರೆ ನಷ್ಟ ಯಾರಿಗೆ?"

"ಈ ಪಾಠ ಆಗೈತೆ ಸಾಹೇಬ್ರೇ," ಅಂದಳು ಬೂಬಮ್ಮ. "ಚಿಕ್ಕ ಯಜಮಾನ್ರು ಹತ್ತು ತಿಂಗಳು ಮಾಡಿದ್ರು."

ಅವರು ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದರು. ಗುಮಾಸ್ತ ಜೀಪಿಗೆ ಹೋಗಿ ಒಂದು ಕವರು ತಂದ. ಸಾಹೇಬರು ಅದನ್ನು ಅವಳ ಮುಂದೆ ಹಿಡಿದರು. "ಹನ್ನೊಂದು ತಿಂಗಳಿನದೂ ಇದೆ. ನಿಮಗೆ ಮಾತ್ರ. ವೆಚ್ಚದ ಬಾಬತ್ತಿನಲ್ಲಿ ಬರೆದುಕೊಳ್ತೀನಿ. ಈಗ ನೀವು ಸುಳ್ಳು ಹೇಳೋದೇನೂ ಇಲ್ಲ. ಕೂಲಿ ಮುಟ್ಟಿತು, ಸಂದಾಯ್ತು ಅನ್ನಿ. ಅಷ್ಟೇ."

ನನ್ನ ಮೈ ಉರಿಯಿತು. ಹಾಗಾದರೆ ಕೊಡಲು ಬಾಬತ್ತು ಇತ್ತು. ಕಾಲಮ್ಮಿನ ಒಳಗೋ ಹೊರಗೋ, ಕೊಡಬೇಕು ಅನ್ನಿಸಿದಾಗ ಒಂದು ಬಾಬತ್ತು ಹುಟ್ಟುತ್ತಿತ್ತು. ಛತ್ರದಲ್ಲಿ ಮುನ್ನೂರು ಜನ ಕೂತಿದ್ದಾಗ ಅದು ಎಲ್ಲಿಗೆ ಹೋಗಿತ್ತು? ಕೂಗಿ ಕೇಳಬೇಕೆಂದು ಬಾಯಿ ತೆರೆದವಳು ಬೂಬಮ್ಮನ ಕುತ್ತಿಗೆ ನೋಡಿದೆ. ಎಲುಬು ಎಣಿಸುವ ಹಾಗಿತ್ತು. ಗುಂಪಿನ ಹಿಂದಿನಿಂದ ಯಾರೋ ಹೆಂಗಸು, "ತಗೊಳ್ಳಿ ಬಿಡ್ರೇ, ವಯಸ್ಸಾಗೈತೆ, ನಾಕು ದಿನ ಉಂಡು ಸಾಯ್ಲಿ" ಅಂದಳು. ಯಾರೂ ಅವಳನ್ನು ಗದರಲಿಲ್ಲ. ಸೂರಪ್ಪ ಗುಂಪಿನ ಮುಂದೆಯೇ ನಿಂತಿದ್ದ, ತಲೆ ತಗ್ಗಿಸಿಕೊಂಡ.

ಬೂಬಮ್ಮ ಕವರನ್ನು ನೋಡಿದಳು. ಮಡಿಲಿನಿಂದ ಎಲೆಅಡಿಕೆ ಡಬ್ಬಿ ತೆಗೆದು, ಮುಚ್ಚಳ ತೆರೆದು, ಒಳಗಿನ ಹಲ್ಲುಗಳನ್ನು ಒಂದು ಸಲ ನೋಡಿ ಮತ್ತೆ ಮುಚ್ಚಿದಳು.

"ಇವರದ್ದು?" ಅಂದಳು, ನಮ್ಮ ಕಡೆ ಗದ್ದ ಎತ್ತಿ.

"ಅದು ಕಾನೂನು ಪ್ರ‍ಕಾರ ಬರುತ್ತೆ."

"ಮಿಕ್ಕರೆ."

"ಹೌದು. ಮಿಕ್ಕರೆ." ಸಾಹೇಬರು ಗಡಿಯಾರ ನೋಡಿಕೊಂಡರು. ಆ ಮೆತ್ತನೆಯ ದನಿಯಲ್ಲಿ ಮೊದಲ ಸಲ ಗಡಸು ಸೇರಿತು. "ಸಾಕು ಬೂಬಮ್ಮ. ನಾನು ಕೋರ್ಟಿನ ಪರವಾಗಿ ನಿಂತಿದ್ದೀನಿ. ಇದು ಬೇಡಿಕೆ ಅಲ್ಲ, ಆದೇಶ. ಹೆಬ್ಬೆರಳಿಡಿ. ಹೇಳಿ."

ಲಾರಿಯ ಡ್ರೈವರು ಬೀಡಿ ಎಸೆದು ನೆಟ್ಟಗೆ ನಿಂತ. ತಿಪ್ಪೇಶಿ ನನ್ನ ಮೊಣಕೈ ಹಿಡಿದುಕೊಂಡ. ಬೂಬಮ್ಮ ಗೇಟಿನ ಹತ್ತಿರ ಹೋದಳು. ಸೆರಗಿನ ತುದಿಯಿಂದ ಬೀಗದ ಮೇಲಿನ ಎಣ್ಣೆಯನ್ನೂ ಕಲ್ಲಿನ ಪುಡಿಯನ್ನೂ ಒರೆಸಿದಳು. ತಿರುವಿ ಅದರ ಬೆನ್ನನ್ನು ಬೆಳಕಿಗೆ ಹಿಡಿದಳು. ಏಳು ನಿಚ್ಚಳವಾಗಿ ಕಂಡಿತು. ಅದರ ಮೇಲೆ, ಗೆರೆಯೆಲ್ಲ ಸವೆದ ತನ್ನ ಹೆಬ್ಬೆರಳನ್ನು ಇಟ್ಟಳು. ಹತ್ತೊಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆಯೂ ಹೀಗೆಯೇ ಇಟ್ಟಿದ್ದಳು. ಸಾಹೇಬರು ಕೀಲಿಗೆ ಕೈ ಹಾಕಿದರು.

"ಚೆಂದಾಗಿ ಮಾಡೀನಿ," ಅಂದಳು ಬೂಬಮ್ಮ, ಬೀಗಕ್ಕೇ ಹೇಳುವ ಹಾಗೆ. ಆಮೇಲೆ ಹೆಬ್ಬೆರಳು ತೆಗೆದು, ಆ ಬೋಳು ಬಾಯನ್ನು ಪೂರ್ತಿ ತೆರೆದು, ಲಾರಿಯ ಆಚೆ ನಿಂತವರಿಗೂ ಕೇಳುವಂತೆ ಅಂದಳು:

"ಹೇಳಲ್ಲ."